ರೇಷ್ಮೆ ಮಡಿ, ರೇಷ್ಮೆ ತೆಗೆದ ಕೈ ಮೈಲಿಗೆ

ಪೋಸ್ಟ್ ಉದ್ದ ಇದೆ. ಬಿಡುವು ಮಾಡ್ಕೊಂಡು ಓದಿ.

ನಮ್ಮ ರಾಮನಗರ, ಕನಕಪುರ ಸೀಮೆಗೆ ರೇಷ್ಮೆ ತಂದವರು ಯಾರು ಅನ್ನೋ ಜಗಳ ಪ್ರತಿ ವರ್ಷ ನವೆಂಬರ್ ಬಂದ್ರೆ ಶುರುವಾಗುತ್ತೆ. ಒಬ್ಬರು ಟಿಪ್ಪು ಸುಲ್ತಾನ್ ಅಂತಾರೆ. ಇನ್ನೊಬ್ಬರು ಮೈಸೂರು ಅರಸರು ಬೆಳೆಸಿದ್ದು ಅಂತಾರೆ. ಎರಡು ಕಡೆಯವರೂ ರಾಜನ ಹೆಸರನ್ನೇ ಹೇಳ್ತಾರೆ. ಕುದಿಯೋ ನೀರಿಗೆ ಕೈ ಇಟ್ಟು ಗೂಡಿನಿಂದ ಎಳೆ ತೆಗೆದವರು ಯಾರು ಅಂತ ಯಾರೂ ಕೇಳಲ್ಲ. ಆ ಪ್ರಶ್ನೆ ಕೇಳೋಕೆ ನಾನು ಈ ಸಲ ಸ್ವಲ್ಪ ದೂರ ಹೋಗಿ ಬರ್ತೀನಿ, ಸಮುದ್ರದಾಚೆ ಬೈಜಾಂಟಿಯಂ ಸಾಮ್ರಾಜ್ಯದವರೆಗೆ. ಯಾಕಂದ್ರೆ ಸರ್ಕಾರ, ಧರ್ಮ, ಕಡಲ ವ್ಯಾಪಾರ ಈ ಮೂರೂ ಸೇರಿ ಒಂದು ಬಟ್ಟೆಯನ್ನ ಹೇಗೆ ಪವಿತ್ರ ಮಾಡ್ತವೆ, ಅದನ್ನ ಮಾಡಿದ ಮನುಷ್ಯನನ್ನ ಹೇಗೆ ಹೊರಗಿಡ್ತವೆ ಅನ್ನೋದು ಅಲ್ಲಿ ಚೆನ್ನಾಗಿ ಕಾಣುತ್ತೆ. ಅದನ್ನ ನೋಡಿದ ಮೇಲೆ ನಮ್ಮೂರು ಇನ್ನೂ ಚೆನ್ನಾಗಿ ಕಾಣುತ್ತೆ.

ಬೈಜಾಂಟಿಯಂ ಅಂದ್ರೆ ರೋಮ್ ಸಾಮ್ರಾಜ್ಯದ ಪೂರ್ವ ಭಾಗ. ರಾಜಧಾನಿ ಕಾನ್‌ಸ್ಟಾಂಟಿನೋಪಲ್, ಅಂದ್ರೆ ಇವತ್ತಿನ ಟರ್ಕಿಯ ಇಸ್ತಾಂಬುಲ್. ಕ್ರಿ.ಶ. 330ರಲ್ಲಿ ರಾಜಧಾನಿಯಾದ ಆ ನಗರ 1453ರಲ್ಲಿ ಆಟೊಮನ್ ತುರ್ಕರ ಕೈಗೆ ಹೋಗೋವರೆಗೂ ಆ ರಾಜ್ಯ ನಡೀತು. ಮಧ್ಯೆ ಒಂದು ಅರ್ಧ ಶತಮಾನ ಬಿಟ್ರೆ ಸಾವಿರ ವರ್ಷಕ್ಕೂ ಮೇಲೆ ಒಂದೇ ರಾಜಧಾನಿ, ಒಂದೇ ಕ್ರೈಸ್ತ ಧರ್ಮ, ದೇವರ ಪ್ರತಿನಿಧಿ ಅನ್ನಿಸಿಕೊಂಡ ಚಕ್ರವರ್ತಿ.

ಅವರಿಗೂ ನಮಗೂ ಏನು ಸಂಬಂಧ ಅಂತೀರಾ? ಹಾವೇರಿ ಜಿಲ್ಲೆ ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಮಣ್ಣಿನೊಳಗಿಂದ ಒಂದು ನಿಧಿ ಸಿಕ್ಕಿತು. ಅದರಲ್ಲಿ ಬೈಜಾಂಟಿಯಂ ಚಕ್ರವರ್ತಿಗಳ ಚಿನ್ನದ ನಾಣ್ಯಗಳಿದ್ದವು. 5ನೇ ಶತಮಾನದ ಎರಡನೇ ಥಿಯೊಡೋಸಿಯಸ್‌ನಿಂದ ಹಿಡಿದು 6ನೇ ಶತಮಾನದ ಮೊದಲನೇ ಜಸ್ಟಿನ್‌ವರೆಗಿನವು. ಬನವಾಸಿಯಲ್ಲಿ ಕದಂಬರು ಆಳುತ್ತಿದ್ದ ಕಾಲ ಅದು. ದಕ್ಷಿಣ ಭಾರತದಲ್ಲಿ ಸಿಗೋ ಇಂಥ ನಾಣ್ಯಗಳಲ್ಲಿ ಬಹಳಷ್ಟಕ್ಕೆ ರಾಜನ ತಲೆ ಮೇಲೆ ಎರಡು ತೂತು ಕೊರೆದಿರುತ್ತೆ. ಅಂದ್ರೆ ದಾರ ಪೋಣಿಸಿ ಕೊರಳಿಗೆ ಹಾಕಿಕೊಳ್ತಿದ್ರು. ಆ ಕಾಲದ ಬಹಳಷ್ಟು ನಾಣ್ಯಗಳ ಹಿಂಬದಿಯಲ್ಲಿ ಶಿಲುಬೆ ಹಿಡಿದ ವಿಜಯದೇವತೆ ಇರ್ತಾಳೆ. ಅನ್ಯಧರ್ಮದ ಗುರುತಿರೋ ನಾಣ್ಯ, ಸಮುದ್ರ ದಾಟಿ ಬಂದಿದ್ದು, ಎಷ್ಟೋ ಜನರ ಕೈ ಬದಲಾಯಿಸಿದ್ದು. ಆದ್ರೂ ಕೊರಳಿಗೆ ಬಂತು. ಚಿನ್ನಕ್ಕೆ ಮೈಲಿಗೆ ತಟ್ಟಲ್ಲ ನೋಡಿ.

6ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕಾಸ್ಮಾಸ್ ಅನ್ನೋನು ಮೊದಲು ವ್ಯಾಪಾರಿಯಾಗಿದ್ದು ಆಮೇಲೆ ಸನ್ಯಾಸಿಯಾದ. ಅವನು ನಮ್ಮ ಪಶ್ಚಿಮ ಕರಾವಳಿಯ ಮೆಣಸಿನ ಬಂದರುಗಳ ಪಟ್ಟಿ ಬರೆದಿಟ್ಟಿದ್ದಾನೆ. ಅದರಲ್ಲಿ ‘ಮಂಗರೂಥ್’ ಅಂತ ಒಂದು ಹೆಸರಿದೆ. ಅದು ನಮ್ಮ ಮಂಗಳೂರು ಅಂತ ವಿದ್ವಾಂಸರು ಗುರುತಿಸ್ತಾರೆ. ರೋಮನ್ನರ ಚಿನ್ನದ ನಾಣ್ಯ ಎಲ್ಲ ದೇಶದಲ್ಲೂ ನಡೆಯುತ್ತೆ, ಇದು ದೇವರು ನಮ್ಮ ರಾಜ್ಯಕ್ಕೆ ಕೊಟ್ಟ ಗುರುತು ಅಂತ ಅವನು ಹೆಮ್ಮೆಪಡ್ತಾನೆ. ಇತ್ತ ನಮ್ಮ ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನ ಜಾತಿ ಕೆಡಿಸೋ ಪಾಪಗಳ ಸಾಲಿಗೆ ಸೇರಿಸಿತ್ತು. ದಾಟೋದು ಪಾಪ, ದಾಟಿ ಬಂದ ಚಿನ್ನ ಮಾತ್ರ ಪಾಪ ಅಲ್ಲ!

ಈಗ ರೇಷ್ಮೆಗೆ ಬರೋಣ. ಚಕ್ರವರ್ತಿ ಜಸ್ಟಿನಿಯನ್ ಆಳಿದ್ದು 527ರಿಂದ 565ರವರೆಗೆ. ಆಗ ರೇಷ್ಮೆ ನೂಲು ಚೀನಾ ಕಡೆಯಿಂದ ಬರಬೇಕಿತ್ತು, ನಡುವೆ ವೈರಿ ಪರ್ಷಿಯಾ ಕೂತಿತ್ತು. ಪರ್ಷಿಯನ್ನರನ್ನ ತಪ್ಪಿಸೋಕೆ ಜಸ್ಟಿನಿಯನ್ 531ರ ಸುಮಾರಿಗೆ ಕೆಂಪು ಸಮುದ್ರದ ಆಚೆ ಇಥಿಯೋಪಿಯಾದ ಅಕ್ಸುಮ್ ರಾಜನಿಗೆ ರಾಯಭಾರಿ ಕಳಿಸಿದ. ನೀವೂ ಕ್ರೈಸ್ತರು ನಾವೂ ಕ್ರೈಸ್ತರು, ಭಾರತದವರ ಹತ್ರ ರೇಷ್ಮೆ ಕೊಂಡು ನಮಗೆ ಮಾರಿ, ನಿಮಗೂ ಲಾಭ ಅಂತ. ಧರ್ಮದ ನೆಂಟಸ್ತಿಕೆ ಹೇಳಿ ವ್ಯಾಪಾರ ಕೇಳೋದು ಹೊಸದೇನಲ್ಲ. ಅದು ಕೈಗೂಡಲಿಲ್ಲ. ಭಾರತದ ಹಡಗುಗಳು ಮೊದಲು ಬಂದು ನಿಲ್ಲೋ ಬಂದರುಗಳಲ್ಲೇ ಪರ್ಷಿಯಾದ ವ್ಯಾಪಾರಿಗಳು ಕಾದಿದ್ದು ಇಡೀ ಸರಕನ್ನ ಕೊಂಡುಬಿಡ್ತಿದ್ರು ಅಂತ ಅದೇ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರೀತಾನೆ.

552ರ ಸುಮಾರಿಗೆ ಕೆಲವು ಸನ್ಯಾಸಿಗಳು ಪೂರ್ವ ದೇಶದಿಂದ ರೇಷ್ಮೆ ಹುಳುವಿನ ಮೊಟ್ಟೆ ತಂದುಕೊಟ್ರು. ಮೊಟ್ಟೆಗಳನ್ನ ಸಗಣಿಯಲ್ಲಿ ಮುಚ್ಚಿಟ್ಟು ಬೆಚ್ಚಗೆ ಮಾಡಿ ಮರಿ ಎಬ್ಬಿಸಿದ್ರಂತೆ. ಚಕ್ರವರ್ತಿ ಉಡೋ, ದೇವರ ಪೀಠದ ಮೇಲೆ ಹಾಸೋ ಬಟ್ಟೆ ಅಲ್ಲಿ ಹುಟ್ಟಿದ್ದು ಸಗಣಿಯಲ್ಲಿ.

ಸರ್ಕಾರ ಏನು ಮಾಡ್ತು ನೋಡಿ. ರೇಷ್ಮೆ ಒಂದು ಪೌಂಡಿಗೆ 8 ಚಿನ್ನದ ನಾಣ್ಯಕ್ಕಿಂತ ಜಾಸ್ತಿಗೆ ಮಾರಬಾರದು ಅಂತ ಬೆಲೆ ಕಟ್ಟಿತು. ವ್ಯಾಪಾರಿಗಳು ಕೊಳ್ಳೋ ಬೆಲೆಯೇ ಅದಕ್ಕಿಂತ ಹೆಚ್ಚಿತ್ತು. ಬೈರೂತ್, ಟೈರ್ ನಗರಗಳಲ್ಲಿ ತಲೆಮಾರುಗಳಿಂದ ರೇಷ್ಮೆ ಕೆಲಸ ಮಾಡ್ತಿದ್ದವರು ಬೀದಿಗೆ ಬಿದ್ರು. ಆಮೇಲೆ ಪೀಟರ್ ಬಾರ್ಸಿಮಿಸ್ ಅನ್ನೋ ಖಜಾನೆ ಅಧಿಕಾರಿ ಇಡೀ ದಂಧೆಯನ್ನ ಸರ್ಕಾರಕ್ಕೆ ಎಳೆದುಕೊಂಡ. ಮಾಮೂಲಿ ಬಣ್ಣದ್ದು ಒಂದು ಔನ್ಸಿಗೆ 6 ಚಿನ್ನದ ನಾಣ್ಯ, ರಾಜಬಣ್ಣದ್ದು 24ಕ್ಕೂ ಹೆಚ್ಚು. ಒಂದು ಪೌಂಡಿಗೆ 8 ಅಂದಿದ್ದ ಅದೇ ಸರ್ಕಾರ ಇದು. ಇದನ್ನ ಬರೆದ ಪ್ರೊಕೋಪಿಯಸ್‌ಗೆ ಜಸ್ಟಿನಿಯನ್ ಮೇಲೆ ಕೋಪ ಇತ್ತು ಅನ್ನೋದೂ ನೆನಪಿರಲಿ.

ರಾಜಬಣ್ಣ ಅಂದ್ರೆ ಕಡುನೇರಳೆ. ಅದನ್ನ ತೆಗೆಯೋದು ಒಂದು ಜಾತಿಯ ಸಮುದ್ರದ ಬಸವನಹುಳುವಿನಿಂದ. ರಾಶಿ ರಾಶಿ ಹುಳು ಕೊಳೆಸಿ, ಬೇಯಿಸಿ ಬಣ್ಣ ಇಳಿಸಬೇಕು. ಇಂಥ ಬಣ್ಣದ ಮನೆಗಳಿಂದಾಗಿ ಟೈರ್ ನಗರದಲ್ಲಿ ಬದುಕೋದೇ ಕಷ್ಟ ಅಂತ ಅದಕ್ಕೂ ಮುಂಚಿನ ಸ್ಟ್ರಾಬೋ ಬರೆದಿದ್ದ.

ನಮ್ಮೋರು ಗಮನ ಕೊಡಬೇಕಾದ್ದು ಇನ್ನು ಮುಂದೆ. ಆ ಬಸವನಹುಳು ಹಿಡಿಯೋರು, ಸರ್ಕಾರಿ ನೇಯ್ಗೆಮನೆಗಳಲ್ಲಿ ದುಡಿಯೋರು ಹುಟ್ಟಿನಿಂದಲೇ ಆ ಕೆಲಸಕ್ಕೆ ಕಟ್ಟುಬಿದ್ದವರು. ಅಪ್ಪನ ಕೆಲಸ ಮಗನಿಗೆ. ಬಿಟ್ಟು ಹೋಗೋ ಹಾಗಿಲ್ಲ. 438ರಲ್ಲಿ ಹೊರಟ ಥಿಯೊಡೋಸಿಯಸ್ ಕಾನೂನು ಸಂಹಿತೆಯಲ್ಲಿ ಇದಕ್ಕೆ ಸಂಬಂಧಪಟ್ಟ ಆಜ್ಞೆಗಳೇ ಇವೆ. ಸ್ವತಂತ್ರ ಹೆಣ್ಣೊಬ್ಬಳು ಇಂಥ ಕೆಲಸದವನನ್ನ ಕೂಡಿಕೊಂಡು, ಎಚ್ಚರಿಕೆ ಕೊಟ್ರೂ ಬಿಡಲಿಲ್ಲ ಅಂದ್ರೆ ಅವಳೂ ಗಂಡನ ಸ್ಥಿತಿಗೇ ಇಳೀತಿದ್ಲು. ಹುಟ್ಟಿನಿಂದ ಕೆಲಸ, ಮದುವೆಯಿಂದ ಬೇಲಿ. ಬಾಬಾಸಾಹೇಬರು 1916ರಲ್ಲಿ ಕೊಲಂಬಿಯಾದಲ್ಲಿ ಮಂಡಿಸಿದ ಜಾತಿ ಕುರಿತ ಪ್ರಬಂಧದಲ್ಲಿ ಜಾತಿಯ ಬೀಗ ಇರೋದು ಒಳಮದುವೆಯಲ್ಲಿ ಅಂತ ತೋರಿಸಿಕೊಟ್ರಲ್ಲ, ಆ ಬೀಗದ ಇನ್ನೊಂದು ಮಾದರಿ ಇದು. ಅಲ್ಲಿ ಬೀಗ ಹಾಕಿದ್ದು ಖಜಾನೆ. ಬಣ್ಣದ ಕೆಲಸಕ್ಕೆ ಆಳು ಕಡಿಮೆ ಆಗಬಾರದು ಅನ್ನೋದೇ ಅದರ ಚಿಂತೆ.

10ನೇ ಶತಮಾನಕ್ಕೆ ಬಂದ್ರೆ ‘ಎಪಾರ್ಕನ ಪುಸ್ತಕ’ ಅಂತ ಒಂದಿದೆ. ಎಪಾರ್ಕ ಅಂದ್ರೆ ಕಾನ್‌ಸ್ಟಾಂಟಿನೋಪಲ್ ನಗರದ ಮುಖ್ಯ ಅಧಿಕಾರಿ, ನಮ್ಮ ಜಿಲ್ಲಾಧಿಕಾರಿ ಅಂದ್ಕೊಳ್ಳಿ. ನಾನು ಕಚೇರಿ ಗುಮಾಸ್ತ, ದಿನಾ ಸುತ್ತೋಲೆ, ನಿಯಮಾವಳಿ ನೋಡೋನು. ಆ ಪುಸ್ತಕದ ನಿಯಮ ಓದಿದ್ರೆ ನನ್ನ ಮೇಜಿನ ಮೇಲಿನ ಕಡತದ ಥರಾನೇ ಇದೆ. ಕಚ್ಚಾ ರೇಷ್ಮೆ ಮಾರೋರ ಸಂಘ ಬೇರೆ, ನೂಲು ತಯಾರಿಸೋರದು ಬೇರೆ, ನೇಯೋರದು ಬೇರೆ, ಬಟ್ಟೆ ಮಾರೋರದು ಬೇರೆ. ಮನೆಯೊಳಗೆ ಗುಟ್ಟಾಗಿ ವ್ಯವಹಾರ ಮಾಡಬಾರದು. ಯಹೂದಿಗಳಿಗೆ ಕಚ್ಚಾ ರೇಷ್ಮೆ ಮಾರಬಾರದು. ಕುಶಲಕರ್ಮಿಯನ್ನ, ಅವನು ಗುಲಾಮನಿರಲಿ ಕೂಲಿಯವನಿರಲಿ, ಹೊರದೇಶದವರಿಗೆ ಮಾರಿದವನ ಕೈ ಕಡೀಬೇಕು. ಸಂಘಗಳ ಹೆಸರಿದೆ, ದಂಡದ ಲೆಕ್ಕ ಇದೆ. ನೇಯ್ದವನ ಹೆಸರು ಒಂದೂ ಇಲ್ಲ.

ಯಾರು ಯಾವ ಬಟ್ಟೆ ಉಡಬೇಕು ಅಂತ ತೀರ್ಮಾನ ಮಾಡ್ತಿದ್ದುದೂ ಸರ್ಕಾರವೇ. 968ರಲ್ಲಿ ಇಟಲಿಯ ಬಿಷಪ್ ಲಿಯುಟ್‌ಪ್ರಾಂಡ್ ರಾಯಭಾರಿಯಾಗಿ ಹೋಗಿದ್ದ. ವಾಪಸ್ ಬರೋವಾಗ ಅವನು ದುಡ್ಡು ಕೊಟ್ಟು ಕೊಂಡಿದ್ದ 5 ನೇರಳೆ ರೇಷ್ಮೆ ಬಟ್ಟೆ ಕಿತ್ತುಕೊಂಡ್ರು. ಬೇರೆ ದೇಶದವರಿಗೆ ಇದನ್ನ ಉಡೋ ಯೋಗ್ಯತೆ ಇಲ್ಲ ಅನ್ನೋ ಕಾರಣ ಹೇಳಿ. ಅವನೂ ಕ್ರೈಸ್ತ, ಧರ್ಮಗುರು ಬೇರೆ. ಅವಮಾನ ತಾಳಲಾರದೆ ಪುಟಗಟ್ಟಲೆ ಬೈದು ಬರೆದಿಟ್ಟ. ಬಾಬಾಸಾಹೇಬರು ‘ಜಾತಿ ವಿನಾಶ’ದಲ್ಲಿ 1928ರ ಇಂದೋರ್ ಸೀಮೆಯ ಬಲಾಯಿಗಳ ವಿಷಯ ಹೇಳಿದ್ದಾರೆ. ಜರಿ ಅಂಚಿನ ಪೇಟ ಸುತ್ತಬಾರದು, ಬಣ್ಣದ ಅಂಚಿನ ಪಂಚೆ ಉಡಬಾರದು, ಹೆಂಗಸರು ಚಿನ್ನ ಬೆಳ್ಳಿ ತೊಡಬಾರದು ಅಂತ ಮೇಲ್ಜಾತಿಗಳು ಕಟ್ಟಳೆ ಹಾಕಿದ್ವು. ಬಿಷಪ್‌ಗೆ ಆಗಿದ್ದು ಒಂದು ಸಲ, ಗಡಿಯಲ್ಲಿ. ಬಲಾಯಿಗಳಿಗೆ ಆಗಿದ್ದು ದಿನಾ, ಸ್ವಂತ ಊರಲ್ಲಿ.

12ನೇ ಶತಮಾನದಲ್ಲಿ ಸ್ಪೇನಿನ ತುದೇಲಾ ಊರಿನ ಯಹೂದಿ ಬೆಂಜಮಿನ್ ಊರೂರು ಸುತ್ತಿ ಕಂಡಿದ್ದು ಬರೆದ. ಗ್ರೀಸಿನ ಥೀಬ್ಸ್ ನಗರದಲ್ಲಿ ಸುಮಾರು 2000 ಯಹೂದಿಗಳಿದ್ದಾರೆ, ರೇಷ್ಮೆ ಕೆಲಸದಲ್ಲಿ ಅವರ ಸಮ ಯಾರೂ ಇಲ್ಲ ಅಂತಾನೆ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಯಹೂದಿಗಳಿಗೆ ನಗರದೊಳಗೆ ಮನೆ ಇಲ್ಲ. ನೀರಿನಾಚೆ ಅವರ ಕೇರಿ. ವ್ಯಾಪಾರಕ್ಕೆ ದೋಣಿಯಲ್ಲಿ ದಾಟಿ ಬರಬೇಕು. ಅವರಲ್ಲೂ ರೇಷ್ಮೆ ಕೆಲಸದವರಿದ್ರು. ಯಾರೂ ಕುದುರೆ ಏರಬಾರದು. ಚಕ್ರವರ್ತಿಯ ವೈದ್ಯ ಸಾಲೊಮನ್ ಒಬ್ಬನಿಗೆ ಮಾತ್ರ ವಿನಾಯಿತಿ. ಚರ್ಮ ಹದ ಮಾಡೋರು ಹೊಲಸು ನೀರನ್ನ ಯಹೂದಿಗಳ ಮನೆ ಬಾಗಿಲ ಮುಂದೆ ಚೆಲ್ಲಿ ಕೇರಿ ಕೆಡಿಸ್ತಿದ್ರು, ಅದರಿಂದ ಹಗೆ ಇನ್ನೂ ಹೆಚ್ಚಿತ್ತು, ಬೀದಿಯಲ್ಲಿ ಹೊಡೀತಿದ್ರು ಅಂತಾನೂ ಬರೀತಾನೆ.

ಊರಾಚೆ ಕೇರಿ. ಚರ್ಮದ ನೀರು. ಕುದುರೆ ಏರಬಾರದು. ದಲಿತ ಮದುಮಗ ಕುದುರೆ ಏರಿದ ಅಂತ ಕಲ್ಲು ಬೀಳೋ ಸುದ್ದಿ ರಾಜಸ್ಥಾನ, ಗುಜರಾತ್‌ನಿಂದ ಈಗಲೂ ಬರ್ತಿರುತ್ತೆ. 800 ವರ್ಷದ ಹಿಂದಿನ ಆ ಸಾಲು ಓದಿ ನಂಗೆ ಕಥೆ ಓದಿದಂಗೆ ಅನಿಸಲಿಲ್ಲ, ಪೇಪರ್ ಓದಿದಂಗೆ ಆಯ್ತು.

1147ರಲ್ಲಿ ಸಿಸಿಲಿಯ ರಾಜ ರೋಜರ್‌ನ ನೌಕಾಪಡೆ ಥೀಬ್ಸ್, ಕೊರಿಂಥ್ ನಗರಗಳನ್ನ ದೋಚಿತು. ಚಿನ್ನದ ಜೊತೆಗೆ ರೇಷ್ಮೆ ನೇಯೋರನ್ನೂ ಹಡಗಿಗೆ ತುಂಬಿ ಪಲೆರ್ಮೋಗೆ ಕೊಂಡೊಯ್ದರು. ದುಡಿಯೋ ಕೈಗೆ ಎಷ್ಟು ಬೆಲೆ ಅಂತ ರಾಜರಿಗೆ ಗೊತ್ತೇ ಇತ್ತು. ಅದು ಲೂಟಿ ಮಾಡೋವಾಗ ಮಾತ್ರ ಹೊರಗೆ ಬರ್ತಿತ್ತು. ಸಾಮ್ರಾಜ್ಯದ ಕಡಲ ವ್ಯಾಪಾರವೂ ಆಗಲೇ ಕೈ ಜಾರ್ತಿತ್ತು. 1082ರ ಸುಮಾರಿಗೆ ಯುದ್ಧದ ಸಹಾಯಕ್ಕೆ ಪ್ರತಿಯಾಗಿ ವೆನಿಸ್ ವ್ಯಾಪಾರಿಗಳಿಗೆ ಸುಂಕ ಮಾಫಿ ಮಾಡಿದ್ರು. 1204ರಲ್ಲಿ ಅದೇ ವೆನಿಸ್‌ನ ಹಡಗುಗಳಲ್ಲಿ ಬಂದ ಶಿಲುಬೆಯ ಸೈನ್ಯ ಕಾನ್‌ಸ್ಟಾಂಟಿನೋಪಲ್‌ ಅನ್ನು ಸೂರೆ ಮಾಡಿತು. ದೇವರು ಒಬ್ಬನೇ ಆದ್ರೂ ಲೂಟಿ ನಿಲ್ಲಲಿಲ್ಲ.

ಈಗ ನಮ್ಮ ಸೀಮೆಗೆ ವಾಪಸ್ ಬರೋಣ. ದಾರಿ ಅದೇ ಕಡಲಿನದ್ದೇ. 1780ರ ದಶಕದಲ್ಲಿ ಟಿಪ್ಪು ಸುಲ್ತಾನ್ ಮಾಡಿದ್ದೂ ಜಸ್ಟಿನಿಯನ್ ಮಾಡಿದ ಲೆಕ್ಕಾಚಾರವೇ. ಶ್ರೀಗಂಧ, ಮೆಣಸು, ಏಲಕ್ಕಿ ವ್ಯಾಪಾರ ಸರ್ಕಾರದ ಕೈಗೆ ತಗೊಂಡ. ಮಸ್ಕತ್‌ನಲ್ಲಿ, ಕಛ್‌ನಲ್ಲಿ ಸರ್ಕಾರಿ ಕೋಠಿ ತೆರೆದ. 1786ರಲ್ಲಿ ಹೊರಟ ಅವನ ರಾಯಭಾರಿಗಳು ಮಸ್ಕತ್, ಬಸ್ರಾ ಹಾದು 1787ರಲ್ಲಿ ಇಸ್ತಾಂಬುಲ್ ತಲುಪಿದ್ರು. ಹೌದು, ಅದೇ ಹಳೆ ಕಾನ್‌ಸ್ಟಾಂಟಿನೋಪಲ್. ಖಲೀಫನ ಮನ್ನಣೆ ಬೇಕು, ಬಸ್ರಾದಲ್ಲಿ ಬಂದರು ಸೌಲಭ್ಯ ಬೇಕು, ಬದಲಿಗೆ ಮಂಗಳೂರಿನಲ್ಲಿ ಕೊಡ್ತೀವಿ ಅನ್ನೋದು ಪ್ರಸ್ತಾಪ. ಅಕ್ಸುಮ್‌ಗೆ ಜಸ್ಟಿನಿಯನ್ ಹೇಳಿ ಕಳಿಸಿದ್ದನ್ನ ನೆನಪಿಸಿಕೊಳ್ಳಿ. ಇದೂ ಪೂರ್ತಿ ಕೈಗೂಡಲಿಲ್ಲ.

ಕೈಗೂಡಿದ್ದು ರೇಷ್ಮೆ. ಬಂಗಾಳಕ್ಕೆ ಆಳು ಕಳಿಸಿ ಹುಳು ತರಿಸಿದ. ಮಸ್ಕತ್‌ನಲ್ಲಿದ್ದ ತನ್ನ ಕಡೆಯವರಿಗೂ ಹುಳು ಕಳಿಸೋಕೆ ಬರೆದ. 1786ರಲ್ಲಿ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಹುಳು ಸಾಕಣೆ ಬಗ್ಗೆ ಪತ್ರ ಬರೆದ. ರಾಜ್ಯದ 21 ಕಡೆ ಸಾಕಣೆಗೆ ವ್ಯವಸ್ಥೆ ಆಯ್ತು. ಅವನಿಗೆ ಜಯಕಾರನೋ ಧಿಕ್ಕಾರನೋ ಹಾಕೋಕೆ ನಾನು ಇದನ್ನ ಬರೀತಿಲ್ಲ. ಇದೇ ರಾಜ್ಯ 1791ರ ಯುದ್ಧದಲ್ಲಿ, ಇಂಗ್ಲಿಷರಿಗೆ ಅನುಕೂಲ ಆಗಬಾರದು ಅಂತ ನಮ್ಮ ಕಾನಕಾನಹಳ್ಳಿಯನ್ನ, ಇವತ್ತಿನ ಕನಕಪುರವನ್ನ, ತಾನೇ ಹಾಳುಗೆಡವಿತು. ರಾಜ್ಯ ಕೊಡೋದೂ ಕಿತ್ಕೊಳ್ಳೋದೂ ತನ್ನ ಲೆಕ್ಕದಲ್ಲೇ.

ಆಮೇಲೆ 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಮೈಸೂರಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ. 1959ರಲ್ಲಿ ರೇಷ್ಮೆ ಮೊಟ್ಟೆ, ಗೂಡು, ನೂಲು ನಿಯಂತ್ರಣದ ಕಾಯ್ದೆ. ಗೂಡನ್ನ ಸರ್ಕಾರಿ ಮಾರುಕಟ್ಟೆಯಲ್ಲೇ, ಎಲ್ಲರೆದುರು ಹರಾಜಿನಲ್ಲೇ ಮಾರಬೇಕು. ರೈತನಿಗೆ ಮೋಸ ಆಗಬಾರದು ಅಂತ ಮಾಡಿದ ಒಳ್ಳೆ ಕಾಯ್ದೆ ಅದು. ರಾಮನಗರದ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಅಂತ ಹೆಸರಾಯ್ತು. ಆದ್ರೆ ಎಪಾರ್ಕನ ಪುಸ್ತಕದಲ್ಲಿ ಕಂಡ ಖಾಲಿ ಜಾಗ ಇಲ್ಲೂ ಇದೆ. ಬೆಳೆಗಾರನಿಗೆ ಪಾಸ್ ಪುಸ್ತಕ ಇದೆ, ರೀಲರ್‌ಗೆ ಲೈಸೆನ್ಸ್ ಇದೆ. ಬೇಸಿನ್ ಮುಂದೆ ಕೂತವಳಿಗೆ ಯಾವ ಕಾಲಂ ಇದೆ?

ನಮ್ಮ ದೊಡ್ಡಆಲಹಳ್ಳಿ ಕಡೆ ರೇಷ್ಮೆ ಗೊತ್ತಿಲ್ಲದ ಮನೆ ಇಲ್ಲ. ಸೊಪ್ಪು ಕುಯ್ಯೋದು, ತಲೆ ಮೇಲೆ ಹೊರೆ ಹೊರೋದು, ಹುಳು ಜ್ವರಕ್ಕೆ ಕೂತಾಗ ಕಾಯೋದು, ಹಣ್ಣಾದ ಹುಳು ಆರಿಸಿ ಚಂದ್ರಂಕಿಗೆ ಬಿಡೋದು. ತೋಟ ಯಾರದ್ದು, ಕೂಲಿ ಯಾರದ್ದು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಆಮೇಲೆ ನೂಲು ತೆಗೆಯೋ ಕೆಲಸ. ಅದು ಹೆಚ್ಚಾಗಿ ಬಡ ಮುಸ್ಲಿಮರದ್ದು, ನಮ್ಮೋರದ್ದು. ಕುದಿಯೋ ನೀರಲ್ಲಿ ಗೂಡು ಬೇಯಬೇಕು, ಬರಿಗೈಯಲ್ಲಿ ಎಳೆ ಹುಡುಕಬೇಕು. ಬೆರಳು ಬೆಂದು ಬಿಳಿಚಿಕೊಳ್ತವೆ, ಚರ್ಮ ಸುಲಿಯುತ್ತೆ. ಬೆಂದ ಹುಳದ ವಾಸನೆ ಸೋಪು ಹಾಕಿದ್ರೂ ಹೋಗಲ್ಲ. ಬಸ್ಸಲ್ಲಿ ಪಕ್ಕದ ಸೀಟಿನವರು ಮೂಗು ಮುಚ್ಕೊಂಡು ಎದ್ದು ಹೋಗ್ತಾರೆ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ರೇಷ್ಮೆ ಉದ್ಯಮದ ಮಕ್ಕಳ ಜೀತದ ಬಗ್ಗೆ ವರದಿ ಮಾಡಿದಾಗ ಕರ್ನಾಟಕದ ಹೆಸರು ಅದರಲ್ಲಿತ್ತು. ಸಾಲಕ್ಕೆ ಅಡವಿಟ್ಟ ಆ ಮಕ್ಕಳಲ್ಲಿ ಹೆಚ್ಚಿನವರು ದಲಿತರು, ಮುಸ್ಲಿಮರು. ಜೀತ ರದ್ದು ಕಾಯ್ದೆ ಬಂದಿದ್ದು 1976ರಲ್ಲಿ. ಲೆಕ್ಕ ಹಾಕ್ಕೊಳ್ಳಿ.

ಇಷ್ಟೆಲ್ಲ ಆಗಿ ಬಂದ ಬಟ್ಟೆಗೆ ನಮ್ಮ ದೇಶದಲ್ಲಿ ಏನು ಹೆಸರು? ಮಡಿ. ಹತ್ತಿ ಬಟ್ಟೆಯಾದ್ರೆ ಒಗೆದು, ಯಾರೂ ಮುಟ್ಟದಂಗೆ ಒಣಗಿಸಿದ್ರೆ ಮಾತ್ರ ಮಡಿ. ರೇಷ್ಮೆಗೆ ಅಷ್ಟು ಕಷ್ಟ ಇಲ್ಲ, ಅದು ಹುಟ್ಟಾ ಮಡಿ, ಸುಲಭಕ್ಕೆ ಮೈಲಿಗೆ ಆಗಲ್ಲ. ದೇವರ ಪೂಜೆಗೆ ಪಟ್ಟೆ ಮಗುಟ, ಧಾರೆಗೆ ರೇಷ್ಮೆ ಸೀರೆ. ಒಂದು ಸೀರೆಗೆ ಸಾವಿರಾರು ಹುಳು ಜೀವಂತ ಬೇಯುತ್ತವೆ. ಮಾಂಸ ತಿನ್ನೋರ ನೆರಳು ಬೀಳಬಾರದು ಅನ್ನೋರೇ ಅದನ್ನ ಉಟ್ಟು ಗರ್ಭಗುಡಿಗೆ ಹೋಗ್ತಾರೆ. ಆ ಎಳೆಯನ್ನ ಬರಿಗೈಯಲ್ಲಿ ಹಿಡಿದು ಎಳೆದವಳು ಅದೇ ಗುಡಿಯ ಬಾಗಿಲಲ್ಲಿ ನಿಲ್ಲಬೇಕು. ಅವಳ ಕೈ ತಾಗಿದ್ದು ಎಳೆಗೆ ಅಂಟಲಿಲ್ಲ, ಅವಳಿಗೆ ಮಾತ್ರ ಅಂಟಿಕೊಂಡಿತು. ಅಂದ್ಮೇಲೆ ಮೈಲಿಗೆ ಅನ್ನೋದು ಕೊಳೆಯ ಲೆಕ್ಕ ಅಲ್ಲ, ಅಧಿಕಾರದ ಲೆಕ್ಕ.

ಬೈಜಾಂಟಿಯಂ ಕಥೆ ಹೇಳಿದ್ದು ಇದಕ್ಕೇನೆ. ಅಲ್ಲೂ ರೇಷ್ಮೆ ಪವಿತ್ರ ಆಯ್ತು. ಸಂತರ ಮೂಳೆಗಳನ್ನ ರೇಷ್ಮೆಯಲ್ಲಿ ಸುತ್ತಿ ಇಡ್ತಿದ್ರು. ಅಲ್ಲೂ ದುಡಿಯೋರನ್ನ ಹುಟ್ಟಿಗೆ ಕಟ್ಟಿದ್ರು, ಬೇರೆ ಧರ್ಮದವರನ್ನ ನೀರಿನಾಚೆ ಇಟ್ಟರು, ಗುಲಾಮರನ್ನ ಮಾರಿದ್ರು. ಅದನ್ನ ಚಿನ್ನದ ಕಾಲ ಅಂತ ಹೊಗಳೋ ಅಗತ್ಯ ನಮಗಿಲ್ಲ. ಆದ್ರೆ ಒಂದು ವ್ಯತ್ಯಾಸ ಇದೆ. ಅಲ್ಲಿ ಬಣ್ಣದವರನ್ನ, ನೇಯೋರನ್ನ ಹುಟ್ಟಿಗೆ ಕಟ್ಟಿದ್ದು ಸರ್ಕಾರದ ಆಜ್ಞೆ. 10ನೇ ಶತಮಾನದ ಎಪಾರ್ಕನ ಪುಸ್ತಕಕ್ಕೆ ಬರೋ ಹೊತ್ತಿಗೆ ರೇಷ್ಮೆ ಸಂಘಕ್ಕೆ ಸೇರೋಕೆ ಶುಲ್ಕ ಬೇಕಿತ್ತು, ಸಾಕ್ಷಿ ಬೇಕಿತ್ತು, ಅದೇ ಕುಲದಲ್ಲಿ ಹುಟ್ಟಿರಬೇಕು ಅಂತಿರಲಿಲ್ಲ. ಇಲ್ಲಿ ಕಟ್ಟಿದ್ದು ಶಾಸ್ತ್ರ. ಕದಂಬರು ಹೋದ್ರು, ವಿಜಯನಗರ ಹೋಯ್ತು, ಟಿಪ್ಪು ಹೋದ, ಇಂಗ್ಲಿಷರು ಹೋದ್ರು, ಕೇರಿ ಮಾತ್ರ ಇದ್ದಲ್ಲೇ ಇದೆ. ಬಾಬಾಸಾಹೇಬರು ರೋಮ್‌ನ ಗುಲಾಮರನ್ನೂ ನಮ್ಮ ಅಸ್ಪೃಶ್ಯರನ್ನೂ ಹೋಲಿಸಿ ಬರೆದಾಗ ಎತ್ತಿ ತೋರಿಸಿದ್ದೂ ಇಂಥದ್ದೇ. ಅಲ್ಲಿ ಗುಲಾಮನಿಗೆ ಗುಮಾಸ್ತನಾಗೋ, ಮೇಷ್ಟ್ರಾಗೋ, ಕುಶಲಕರ್ಮಿಯಾಗೋ ಬಾಗಿಲಾದ್ರೂ ತೆರೆದಿತ್ತು. ಇಲ್ಲಿ ಹೆಸರಿಗೆ ಸ್ವತಂತ್ರನಾದ ಅಸ್ಪೃಶ್ಯನಿಗೆ ಅದೂ ಇರಲಿಲ್ಲ. ಬಾಬಾಸಾಹೇಬರ ಸಂವಿಧಾನ ಇಲ್ಲದಿದ್ರೆ ನಾನು ಈ ಗುಮಾಸ್ತನ ಕುರ್ಚಿ ಮೇಲೆ ಕೂತು ಇದನ್ನ ಬರೀತಿರಲಿಲ್ಲ.

ಹಂಗಾಗಿ ಎರಡು ಕೆಲಸ ಇದೆ ಗೆಳೆಯರೆ.

ಒಂದು. ನಿಮ್ಮ ಅವ್ವನೋ ಅಜ್ಜಿಯೋ ಚಿಕ್ಕಮ್ಮನೋ ಫಿಲೇಚರ್‌ನಲ್ಲಿ, ಚರಕದಲ್ಲಿ, ಹುಳುಮನೆಯಲ್ಲಿ ದುಡಿದಿದ್ರೆ ಪಕ್ಕದಲ್ಲಿ ಕೂತು ಕೇಳಿ. ಯಾವ ವರ್ಷ, ಎಷ್ಟು ಕೂಲಿ, ಎಷ್ಟು ಗಂಟೆ, ಮುಂಗಡ ಎಷ್ಟು, ಕೈ ಬೆಂದಾಗ ಏನು ಹಚ್ಚಿಕೊಳ್ತಿದ್ರು. ಬರೆದಿಡಿ, ಅವರು ಒಪ್ಪಿದ್ರೆ ಹೆಸರು ಹಾಕಿ. ನಾಳೆ ಯಾರಾದ್ರೂ ಜಿಲ್ಲೆಯ ರೇಷ್ಮೆ ಇತಿಹಾಸ ಬರೆದ್ರೆ ಅದರಲ್ಲಿ ರಾಜರ ಹೆಸರಿನ ಪಕ್ಕ ಇವರ ಹೆಸರೂ ಇರಬೇಕು.

ಎರಡು. 2013ರ ಎಸ್‌ಸಿಎಸ್‌ಪಿ, ಟಿಎಸ್‌ಪಿ ಕಾಯ್ದೆ ಪ್ರಕಾರ ನಮ್ಮ ಜನಕ್ಕೆ ಅಂತ ಎತ್ತಿಟ್ಟ ಹಣದಲ್ಲಿ ರೇಷ್ಮೆಗೆ ನಿಮ್ಮ ತಾಲ್ಲೂಕಿಗೆ ಎಷ್ಟು ಬಂತು, ಎಷ್ಟು ಜನಕ್ಕೆ ಹಿಪ್ಪುನೇರಳೆ ತೋಟ ಆಯ್ತು, ಎಷ್ಟು ಜನಕ್ಕೆ ಹುಳುಮನೆ ಆಯ್ತು ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಅರ್ಜಿ ಬರೆಯೋಕೆ ಬರದೇ ಇದ್ರೆ ಮೆಸೇಜ್ ಮಾಡಿ, ಬರೆದುಕೊಡ್ತೀನಿ. ದಿನಾ ಅದೇ ಕೆಲಸ ನಂದು.

ಜೈಭೀಮ್.